ನಲವತ್ತು ಕಿಲೋ ಮೇಲ್ಪಟ್ಟ ಪಾರ್ಸೆಲ್

ಮೂಸಕುಂಞಿ ಬಸ್ ಕಂಡಕ್ಟರ್ ಆಗಿ ಮೂವತ್ತೊಂದು ವರ್ಷವಾಯಿತು. ಈ ಮೂವತ್ತೊಂದು ವರ್ಷದಲ್ಲಿ ಅವನು ಬಸ್ಸಿನೊಳಗೆ ಕೂತದ್ದನ್ನು ಕಂಡವರು ಕಡಬದಿಂದ ಪುತ್ತೂರಿನವರೆಗೆ ಯಾರೂ ಇಲ್ಲ. ಖಾಲಿ ಬಸ್ಸಿನಲ್ಲಿಯೂ ಅವನ ಜಾಗ ಹಿಂಬಾಗಿಲ ಮೆಟ್ಟಿಲು. ಮನೆಯಲ್ಲಿಯೂ ಊಟ ಮುಗಿಸಿ ಬಾಗಿಲ ದಾರಂದಕ್ಕೆ ಒರಗಿ ನಿಂತರೇ ಅವನಿಗೆ ಸಮಾಧಾನ. "ಇವರಿಗೆ ಕುರ್ಚಿ ತಂದದ್ದು ದಂಡ" ಎಂದು ಹೆಂಡತಿ ಜೈನಬಮ್ಮ ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದಳು.

ಊರಿನವರಿಗೆ ಅವನು ಮೂಸಾಕ. ಅವನ ಬಸ್ಸಿನ ಹೆಸರು 'ಸೌಭಾಗ್ಯ'. ಬೆಳಿಗ್ಗೆ ಏಳು ಹತ್ತಕ್ಕೆ ಕಡಬ ಬಿಟ್ಟು ಕೊಯಿಲಕ್ಕೆ ಬರುವುದು, ಅಲ್ಲಿ ಮುಖ್ಯರಸ್ತೆ ಬಿಟ್ಟು ಜಾನುವಾರು ಫಾರ್ಮಿನ ಬೇಲಿಯ ಬದಿಯಿಂದ ಕುಂಟಾಲಮೂಲೆಯ ಒಳರಸ್ತೆಗೆ ಇಳಿಯುವುದು, ನಾಲ್ಕು ಕಿಲೋಮೀಟರು ಕುಲುಕಿ ಮತ್ತೆ ಮುಖ್ಯರಸ್ತೆಗೆ ಹತ್ತುವುದು, ಉಪ್ಪಿನಂಗಡಿ ದಾಟಿ ಎಂಟು ನಲವತ್ತಕ್ಕೆ ಪುತ್ತೂರು ಸೇರುವುದು. ಒಳರಸ್ತೆಯಲ್ಲಿ ಈಗ ಹತ್ತುವವರು ಇಬ್ಬರು ಮೂವರು. ಉಳಿದವರಿಗೆಲ್ಲ ಸ್ಕೂಟರ್ ಬಂದಿದೆ, ಸ್ಕೂಟರ್ ಇಲ್ಲದವರಿಗೆ ಸ್ಕೂಟರ್ ಇರುವ ಅಳಿಯ ಬಂದಿದ್ದಾನೆ.

ಆದರೆ ಈ ಕಡೆಯ ಬಸ್ಸುಗಳಿಗೆ ಜನ ಸಾಗಿಸುವುದು ಅರ್ಧ ಕೆಲಸ ಮಾತ್ರ. ಇನ್ನರ್ಧ ಕೆಲಸ, ಜನ ಕೊಟ್ಟದ್ದನ್ನು ಸಾಗಿಸುವುದು. ಮನೆಯಲ್ಲಿ ಮರೆತ ಕನ್ನಡಕ, ಬಂಗುಡೆ ಮೀನು, ಮದುಮಗಳ ರವಿಕೆ, ಜಾತಕ, ರಕ್ತಪರೀಕ್ಷೆಯ ಶೀಷೆ, ದನದ ಔಷಧಿ, ಎಲ್ಲವೂ ಬಸ್ಸಿನಲ್ಲಿ ಹೋಗುತ್ತವೆ. ವಿಳಾಸ ಬರೆಯುವ ಕ್ರಮ ಇಲ್ಲ. "ಉಪ್ಪಿನಂಗಡಿಯಲ್ಲಿ ಒಬ್ಬ ಬರ್ತಾನೆ, ಅವನಿಗೆ ಕೊಡಿ" ಎಂದರೆ ಆಯಿತು. ಆ ಒಬ್ಬ ಬರುತ್ತಾನೆ, ಅವನಿಗೇ ಸಿಗುತ್ತದೆ. ಮೂಸಾಕನ ಕೈಯಿಂದ ಈವರೆಗೆ ತಪ್ಪಿದ್ದು ಒಂದೇ ಒಂದು ಮೀನಿನ ಕಟ್ಟು. ಅದು ಪುರೋಹಿತರೊಬ್ಬರ ಮನೆ ಸೇರಿತ್ತು. ಅವರು ದೊಡ್ಡ ಮನಸ್ಸು ಮಾಡಿ ಮರುದಿನದ ಬಸ್ಸಿನಲ್ಲಿ ವಾಪಸು ಕಳಿಸಿದ್ದರು.

ಸೋಮವಾರ, ಬುಧವಾರ, ಶುಕ್ರವಾರ ಮಾತ್ರ ಸೌಭಾಗ್ಯ ಬಸ್ಸು ಕುಂಟಾಲಮೂಲೆಯ ಒಂದು ಗೇಟಿನ ಎದುರು ಮೂರು ನಾಲ್ಕು ನಿಮಿಷ ಕಾಯುತ್ತಿತ್ತು. ಅದು ಚೆನ್ನುವಿನ ಗೇಟು. ಬೀಡಿ ಕಟ್ಟಿ ಮಗಳನ್ನು ಸಾಕಿದ ಹೆಂಗಸು, ವಯಸ್ಸು ಐವತ್ತೈದು. ಎರಡು ವರ್ಷದಿಂದ ಕಿಡ್ನಿ ಕೆಟ್ಟು ವಾರಕ್ಕೆ ಮೂರು ಸಲ ಪುತ್ತೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಒಂಬತ್ತು ಗಂಟೆಗೆ ಅವಳು ಮೆಷಿನಿನ ಪಕ್ಕದ ಮಂಚದಲ್ಲಿರಬೇಕು. ಇಲ್ಲದಿದ್ದರೆ ಸರದಿ ಮುಂದಿನವರಿಗೆ, ಆ ದಿನ ರಕ್ತ ಶುದ್ಧವಾಗದೆ ಹಾಗೆಯೇ ಉಳಿಯುತ್ತದೆ. ಮನೆಯಿಂದ ರಸ್ತೆಗೆ ಮುರಕಲ್ಲಿನಲ್ಲಿ ಕಡಿದ ಇಪ್ಪತ್ತೆರಡು ಮೆಟ್ಟಿಲು. ಮೊದಲೇ ಇಳಿದು ಬಂದು ನಿಲ್ಲೋಣ ಎಂದರೆ ಕಾಲು ಬಾತು ನಿಲ್ಲಲಾಗುವುದಿಲ್ಲ. ಕೂತರೆ ಎಬ್ಬಿಸಲು ಇನ್ನೊಬ್ಬರು ಬೇಕು, ಮಗಳು ಪ್ರೀತಿಕಾ ಆರು ಗಂಟೆಗೇ ಗೇರುಬೀಜದ ಫ್ಯಾಕ್ಟರಿಯ ವ್ಯಾನ್ ಹತ್ತಿರುತ್ತಾಳೆ. ಹಾಗಾಗಿ ಡ್ರೈವರ್ ಕುಶಾಲಪ್ಪ ತಿರುವಿನಲ್ಲಿ ಹಾರ್ನ್ ಹೊಡೆದ ಮೇಲೆ ಚೆನ್ನು ಮೆಟ್ಟಿಲು ಇಳಿಯಲು ಸುರು ಮಾಡುವುದು, ಕುಶಾಲಪ್ಪ ಗೇಟಿನ ಬಳಿ ಇಂಜಿನ್ ಆಫ್ ಮಾಡುವುದು, ಮೂಸಾಕ ಇಳಿದು ಹೋಗಿ ಕೊನೆಯ ನಾಲ್ಕು ಮೆಟ್ಟಿಲಿಗೆ ಕೈ ಕೊಡುವುದು. ಇದನ್ನು ಯಾರೂ ಯಾವ ಕಾಗದದಲ್ಲಿಯೂ ಬರೆದಿರಲಿಲ್ಲ.

ಹೀಗಿರುವಾಗ ಬಸ್ಸಿನ ಧಣಿ ತ್ಯಾಂಪಣ್ಣನವರ ಮಗ ಸಂಪ್ರೀತನಿಗೆ ಜ್ಞಾನೋದಯವಾಯಿತು. ಪುತ್ತೂರಿನಲ್ಲಿಯೇ ಒಂದು ಮಹಡಿ ಹಿಡಿದು, ಗಾಜಿನ ಬಾಗಿಲು ಹಾಕಿ, ಒಳಗೆ ಕಾಫಿ ಮೆಷಿನ್ ಇಟ್ಟು ಅವನು 'ಬಸ್ಸುಂಟು' ಎಂಬ ಆ್ಯಪ್ ಮಾಡಿದ. ತಂದೆಯ ಬಸ್ಸುಗಳು ಈ ಗಳಿಗೆಯಲ್ಲಿ ಎಲ್ಲಿವೆ ಎಂದು ಮೊಬೈಲಿನಲ್ಲಿ ನೋಡಬಹುದು. ಗುಂಡ್ಯದಲ್ಲಿ ಚಹಾ ಕುಡಿಯುತ್ತಿರುವವನೂ ನೋಡಬಹುದು, ಮರ್ಕಂಜದಲ್ಲಿ ಅಡಿಕೆ ಸುಲಿಯುತ್ತಿರುವವನೂ ನೋಡಬಹುದು. ಅವರಿಗೆ ಆ ಬಸ್ಸಿನಿಂದ ಎಂತ ಆಗಬೇಕು ಎಂದು ಯಾರೂ ಕೇಳಲಿಲ್ಲ, ಕೇಳಿದರೆ ಹಳ್ಳಿಗುಗ್ಗು ಎನ್ನುತ್ತಾರೆಂಬ ಹೆದರಿಕೆ.

ನಿಜವಾಗಿ ಆಗಬೇಕಿದ್ದದ್ದು ಬಸ್ಸಿಗೆ ಒಂದು ಯಂತ್ರ ಕೂರಿಸುವುದು. ಆದರೆ ತ್ಯಾಂಪಣ್ಣ ವೈಪರ್ ಒಂದು ಹಾಳಾದರೆ ಇನ್ನೊಂದು ಉಂಟಲ್ಲ ಎನ್ನುವ ಜನ. ಹಳೆಯ ಮೊಬೈಲುಗಳನ್ನು ರಾಶಿಗೆ ತಂದು, ಅದರಲ್ಲಿ ಆ್ಯಪ್ ಹಾಕಿ, ಬಸ್ಸಿಗೊಂದರಂತೆ ಕಂಡಕ್ಟರರ ಕೈಗೆ ಕೊಟ್ಟರು. ಮೊಬೈಲ್ ಎಲ್ಲಿ ಉಂಟೋ ಬಸ್ಸು ಅಲ್ಲಿ ಉಂಟು ಎಂಬುದು ಲೆಕ್ಕ. ದಿನಾ ಮನೆಗೆ ಒಯ್ದು ಚಾರ್ಜ್ ಮಾಡುವ ಜವಾಬ್ದಾರಿಯೂ ಕಂಡಕ್ಟರರದ್ದೇ. ಮೂಸಾಕ ಅದನ್ನು ರಬ್ಬರ್ ಬ್ಯಾಂಡ್ ಹಾಕಿ ಟಿಕೆಟ್ ಚೀಲದಲ್ಲಿಟ್ಟುಕೊಂಡ.

ತಿಂಗಳು ಕಳೆಯುವುದರೊಳಗೆ ಗಾಜಿನ ಬಾಗಿಲಿನ ಒಳಗೆ ಅವನಿಗೆ ಕರೆ ಬಂತು.

"ಮೂಸಾಕ, ನಿಮ್ಮ ಬಸ್ಸು ಕೊಯಿಲದಲ್ಲಿ ಮಾಯ ಆಗ್ತದೆ," ಎಂದ ಸಂಪ್ರೀತ್, ಗೋಡೆಯ ದೊಡ್ಡ ಪರದೆ ತೋರಿಸಿ. "ಹದಿನೈದು ನಿಮಿಷ ಆದ ಮೇಲೆ ಅತ್ತ ಬದಿ ಪ್ರತ್ಯಕ್ಷ ಆಗ್ತದೆ. ಎಲ್ಲಿಗೆ ಹೋಗುದು ನೀವು?"

"ಕುಂಟಾಲಮೂಲೆಗೆ ಸಣ್ಣ ಧಣಿ. ಅಲ್ಲಿ ನೆಟ್‌ವರ್ಕ್ ಇಲ್ಲ."

"ನೆಟ್‌ವರ್ಕ್ ಇಲ್ಲದ ಕಡೆ ಜನ ಇರ್ತಾರಾ?"

ಇರುತ್ತಾರೆ ಎನ್ನಲು ಮೂಸಾಕ ಬಾಯಿ ತೆರೆಯುವಷ್ಟರಲ್ಲಿ ಸಂಪ್ರೀತ್ ನಿಯಮ ಹೇಳಿ ಮುಗಿಸಿದ್ದ. ಹನ್ನೆರಡು ನಿಮಿಷದವರೆಗೆ ಮಾಯವಾದರೆ ಮಾಫಿ. ಮೀರಿದರೆ ಒಂದು ಕೆಂಪು ಗುರುತು. ತಿಂಗಳಿಗೆ ಹತ್ತು ಕೆಂಪು ಗುರುತು ಬಿದ್ದ ಕಂಡಕ್ಟರನಿಗೆ 'ವಿಶ್ರಾಂತಿ'. ಮನೆಗೆ ಕಳಿಸುವುದಕ್ಕೆ ಗಾಜಿನ ಬಾಗಿಲಿನ ಒಳಗೆ ಇರುವ ಹೆಸರು ಅದು.

ಮಂಗಳವಾರ, ಗುರುವಾರ, ಶನಿವಾರ ಒಳರಸ್ತೆಗೆ ಹನ್ನೊಂದು ನಿಮಿಷ ಸಾಕಾಗುತ್ತಿತ್ತು. ಚೆನ್ನುವಿನ ಮೂರು ದಿನ ಹದಿನೈದು. ವಾರಕ್ಕೆ ಮೂರು ಕೆಂಪು, ತಿಂಗಳಿಗೆ ಹನ್ನೆರಡು. ಲೆಕ್ಕ ಬಹಳ ಸರಳವಾಗಿತ್ತು. ಚೆನ್ನುವನ್ನು ಬಿಟ್ಟರೆ ಕೆಲಸ ಉಳಿಯುತ್ತದೆ, ಕಾದರೆ ಹೋಗುತ್ತದೆ.

"ಆ ಹೆಂಗಸಿಗೆ ಮೊದಲೇ ಬಂದು ನಿಲ್ಲಲು ಹೇಳಿ," ಎಂದ ಸಂಪ್ರೀತ್.

"ನಿಲ್ಲಲಿಕ್ಕೆ ಆಗುದಾದ್ರೆ ಅವಳು ಆಸ್ಪತ್ರೆಗೆ ಯಾಕೆ ಹೋಗ್ತಾಳೆ ಸಣ್ಣ ಧಣಿ?"

ಸಂಪ್ರೀತ್ ನಕ್ಕ. ಹಿರಿಯರನ್ನು ನೋಯಿಸದಂತೆ ನಗುವುದನ್ನು ಅವನು ಎಲ್ಲೋ ಶಿಬಿರದಲ್ಲಿ ಕಲಿತು ಬಂದಿದ್ದ.

ಆ ವಾರ ಮೂಸಾಕನಿಗೆ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರಲಿಲ್ಲ. ಅದೇ ಗಡಿಬಿಡಿಯಲ್ಲಿ ಒಂದು ಬುಧವಾರ ಬಸ್ಸಿನ ಮೊಬೈಲನ್ನು ಮನೆಯಲ್ಲಿ ಚಾರ್ಜಿಗೆ ಹಾಕಿದವನು ಹಾಗೆಯೇ ಬಿಟ್ಟು ಕಡಬಕ್ಕೆ ಹೋದ. ಅವನ ಮನೆ ಕೊಯಿಲದಲ್ಲಿ, ರಸ್ತೆಯ ಬದಿಗೇ. ಜೈನಬಮ್ಮ ಅಕ್ಕಿರೊಟ್ಟಿಯಂಥ ಪತ್ತಿರಿ ತಟ್ಟುತ್ತಿದ್ದವಳು ಕಪಾಟಿನ ಮೇಲೆ ಮಿಣಿ ಮಿಣಿ ಎನ್ನುವುದನ್ನು ನೋಡಿ, ಕೈ ಸೆರಗಿಗೆ ಒರಸಿಕೊಂಡು ಹೊರಗೆ ಓಡಿದಳು. ಸೌಭಾಗ್ಯ ಆಗಲೇ ಒಳರಸ್ತೆಗೆ ತಿರುಗಿಯಾಗಿತ್ತು. ಹಿಂದಿನಿಂದ ಬೇರೆ ಧಣಿಯ ಹಸಿರು ಬಸ್ಸು ಬಂತು. ಅದು ಒಳರಸ್ತೆಗೆ ಹೋಗುವುದಿಲ್ಲ, ಸೀದಾ ಪುತ್ತೂರಿಗೆ. ಅದರ ಕಂಡಕ್ಟರ್ ಶಾಫಿ, ಜೈನಬಮ್ಮನ ತವರಿನ ಕಡೆಯವನು.

ಈ ಊರಿನಲ್ಲಿ ಹುಟ್ಟಿದ ಯಾರೇ ಆದರೂ ಏನು ಮಾಡುತ್ತಿದ್ದರೋ ಅದನ್ನೇ ಜೈನಬಮ್ಮ ಮಾಡಿದಳು. ಸೌಭಾಗ್ಯ ಬಸ್ಸು ಎಲ್ಲಿ ಉಂಟು ಎಂದು ಲೋಕಕ್ಕೆ ಸಾರುವ ಮೊಬೈಲನ್ನು ಎದುರಾಳಿ ಬಸ್ಸಿಗೆ ಕೊಟ್ಟು, "ಶಾಫೀ, ಪುತ್ತೂರಿನಲ್ಲಿ ಇವರಿಗೆ ಕೊಡು" ಎಂದಳು. ಜೊತೆಗೆ ಬುತ್ತಿಯ ಡಬ್ಬಿಯನ್ನೂ ಕೊಟ್ಟಳು.

ಆ ದಿನ ಆ್ಯಪ್‌ನಲ್ಲಿ ಸೌಭಾಗ್ಯ ಬಸ್ಸು ಏಳೂವರೆಯವರೆಗೆ ಮೂಸಾಕನ ಅಡುಗೆಮನೆಯಲ್ಲಿ ನಿಂತಿತ್ತು. ಅಲ್ಲಿಂದ ಹೊರಟು ಎಲ್ಲಿಯೂ ಮಾಯವಾಗದೆ, ಎಲ್ಲಿಯೂ ತಡವಾಗದೆ ಎಂಟು ಮೂವತ್ತಮೂರಕ್ಕೆ ಪುತ್ತೂರು ಸೇರಿತು. ಸಂಜೆ ಸಂಪ್ರೀತನಿಂದ ಸಂದೇಶ ಬಂತು: "ಬೆಳಿಗ್ಗೆ ಹೊರಡುವುದು ಸ್ವಲ್ಪ ತಡ. ಕೊಯಿಲದಿಂದ ಮುಂದೆ ಅತ್ಯುತ್ತಮ. ಹೀಗೇ ಮುಂದುವರಿಸಿ." ಕೊನೆಯಲ್ಲಿ ಎರಡು ಹೆಬ್ಬೆರಳು.

ಮೂಸಾಕ ಆ ಹೆಬ್ಬೆರಳುಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೀಗೇ ಮುಂದುವರಿಸಿದ.

ದಿನಾ ಬೆಳಿಗ್ಗೆ ಕೊಯಿಲದಲ್ಲಿ ಎರಡೂ ಬಸ್ಸು ಹಿಂದುಮುಂದಾಗಿ ನಿಲ್ಲುತ್ತವೆ. ಮೂಸಾಕ ಇಳಿದು ಹೋಗಿ ಬಸ್ಸಿನ ಮೊಬೈಲನ್ನು ಶಾಫಿಗೆ ಕೊಡುತ್ತಾನೆ, ತಾನು ನೆಮ್ಮದಿಯಿಂದ ಕುಂಟಾಲಮೂಲೆಗೆ ಇಳಿಯುತ್ತಾನೆ. ಚೆನ್ನು ಬೇಕಾದರೆ ಐದು ನಿಮಿಷ ತೆಗೆದುಕೊಳ್ಳಲಿ, ಕೇಳುವವರಿಲ್ಲ. ಪುತ್ತೂರಿನ ಸ್ಟ್ಯಾಂಡಿನಲ್ಲಿ ಶಾಫಿ ಮೊಬೈಲು ವಾಪಸು ಕೊಡುತ್ತಾನೆ. ಮಧ್ಯಾಹ್ನ ವಾಪಸು ಬರುವಾಗಲೂ ಅದು ಹಾಗೆಯೇ ಶಾಫಿಯ ಬಸ್ಸಿನಲ್ಲಿ ಕೊಯಿಲಕ್ಕೆ ಬರುತ್ತದೆ. ಇದರಿಂದ ಶಾಫಿಗೆ ನಷ್ಟವೇನೂ ಆಗಲಿಲ್ಲ. ಆ್ಯಪ್ ನೋಡಿ ಸೌಭಾಗ್ಯಕ್ಕೆ ಕಾಯುತ್ತಿದ್ದವರೆಲ್ಲ ಹಸಿರು ಬಸ್ಸು ಹತ್ತತೊಡಗಿದರು.

ಉಪ್ಪಿನಂಗಡಿಯಲ್ಲಿ ಒಂದು ದಿನ ಚಿನ್ಮಯೀ ಎಂಬ ಕಾಲೇಜು ಹುಡುಗಿ ಮೊಬೈಲ್ ನೋಡುತ್ತಾ ನಿಂತಿದ್ದಳು. ಸೌಭಾಗ್ಯ ಅವಳ ಚಪ್ಪಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. "ಪುತ್ತೂರು, ಪುತ್ತೂರು!" ಎಂದು ಮೂಸಾಕ ಕೂಗಿದ.

"ಸೌಭಾಗ್ಯ ಹೋಗಿ ಆಯ್ತಲ್ಲ ಅಂಕಲ್," ಎಂದಳು ಅವಳು ತಲೆ ಎತ್ತದೆ. "ಈಗ ಪುತ್ತೂರಿನ ದಾರಿಯಲ್ಲಿ ಉಂಟು."

"ಇದು ಎಂತದು ಮತ್ತೆ?"

ಅವಳು ಬಸ್ಸಿನ ಹಣೆಯ ಹೆಸರು ಓದಿದಳು, ಮೊಬೈಲ್ ನೋಡಿದಳು, ಮತ್ತೆ ಹೆಸರು ಓದಿದಳು. ಆಮೇಲೆ ಹತ್ತದೆ ಅಲ್ಲಿಯೇ ನಿಂತಳು. ಕಣ್ಣೆದುರು ನಿಂತ ನಲವತ್ತೆರಡು ಸೀಟಿನ ಬಸ್ಸಿಗಿಂತ ಅಂಗೈಯಲ್ಲಿದ್ದ ಚುಕ್ಕೆಯೇ ಅವಳಿಗೆ ಗಟ್ಟಿ ಕಂಡಿತು.

ಮೂಸಾಕನಿಗೆ ಆಗ ನಗು ಬಂತು. ಅವನ ಬಗ್ಗೆ ಒಳ್ಳೆಯದನ್ನೇ ಹೇಳಬೇಕೆಂದು ನನಗೂ ಆಸೆ ಉಂಟು, ಆದರೆ ಸತ್ಯ ಹೇಳಬೇಕಲ್ಲ: ನಾಲ್ಕು ತಿಂಗಳಲ್ಲಿ ಅವನಿಗೆ ಆ ಹೆಬ್ಬೆರಳುಗಳ ರುಚಿ ಹತ್ತಿತು. ಬಸ್ ಸ್ಟ್ಯಾಂಡಿನಲ್ಲಿ ಬೇರೆ ಕಂಡಕ್ಟರರಿಗೆ ಸಮಯಪಾಲನೆಯ ಬಗ್ಗೆ ಉಪದೇಶ ಮಾಡಿದ. ಗಲ್ಫಿನ ದಮಾಮಿನಲ್ಲಿದ್ದ ಮಗ ತಮೀಮನಿಗೆ ಅವುಗಳ ಚಿತ್ರ ಕಳಿಸಿದ. ಬಸ್ಸಿನ ಮೊಬೈಲು ಶಾಫಿಯ ಚೀಲದಲ್ಲಿ ಕೂತು ಸಂಪಾದಿಸಿದ ಹೆಸರು ಅದು ಎಂಬುದೇ ಅವನಿಗೆ ಮರೆತಿತ್ತು.

ಕೊನೆಗೆ ಬಿರುದೂ ಬಂತು. ಪುತ್ತೂರಿನ ಒಂದು ಸಭಾಭವನದಲ್ಲಿ 'ಬಸ್ಸುಂಟು' ಆ್ಯಪ್‌ನ ವಾರ್ಷಿಕ ಸಮಾರಂಭ. ವರ್ಷ ಇನ್ನೂ ಆಗಿರಲಿಲ್ಲ, ಆದರೆ ಹೊಸ ಕಾಲದ ಕಂಪೆನಿಗಳು ಅಷ್ಟೆಲ್ಲ ಕಾಯುವುದಿಲ್ಲ. ವೇದಿಕೆಯಲ್ಲಿ ಮೂಸಾಕನಿಗೆ ಶಾಲು, ಹಣ್ಣಿನ ಬುಟ್ಟಿ, 'ಸಮಯರತ್ನ' ಎಂದು ಕೊರೆದ ಫಲಕ. ಕೂರಲು ಕುರ್ಚಿ ಇಟ್ಟಿದ್ದರು. ಅವನು ಅದರ ಹಿಂದೆ ನಿಂತುಕೊಂಡ. ಕೆಳಗೆ ಜೈನಬಮ್ಮ ಮೊಬೈಲ್ ಎತ್ತಿ ಹಿಡಿದು ತಮೀಮನಿಗೆ ವಿಡಿಯೋ ತೋರಿಸುತ್ತಿದ್ದಳು.

ಚಪ್ಪಾಳೆ ಮುಗಿದ ಮೇಲೆ ಸಂಪ್ರೀತ್ ಎರಡು ಘೋಷಣೆ ಮಾಡಿದ.

ಒಂದು, ಮನೆಬಾಗಿಲ ಪಾರ್ಸೆಲ್ ಸೇವೆ. ನಲವತ್ತು ಕಿಲೋ ಮತ್ತು ಅದಕ್ಕಿಂತ ಮೇಲಿನ ಯಾವುದೇ ಸಾಮಾನು, ಅಡಿಕೆಯಾಗಲಿ ತೆಂಗಿನಕಾಯಿಯಾಗಲಿ, ಹಿಂದಿನ ದಿನ ಬುಕ್ ಮಾಡಿದರೆ ಸಾಕು, ಮುಖ್ಯರಸ್ತೆಯಿಂದ ಐದು ಕಿಲೋಮೀಟರಿನವರೆಗೆ ಬಸ್ಸೇ ಗೇಟಿಗೆ ಬರುತ್ತದೆ, ಸಾಮಾನು ಹೇರುವವರೆಗೆ ಹತ್ತು ನಿಮಿಷ ಕಾಯುತ್ತದೆ. ಮೊದಲ ಆರು ತಿಂಗಳು ಉಚಿತ. ತೋಟದ ಧಣಿಗಳೆಲ್ಲ ಇನ್ನಷ್ಟು ಚಪ್ಪಾಳೆ ಹೊಡೆದರು.

ಎರಡು, ಸೌಭಾಗ್ಯ ಬಸ್ಸು ಬರುವ ತಿಂಗಳಿನಿಂದ ಕುಂಟಾಲಮೂಲೆಗೆ ಹೋಗುವುದಿಲ್ಲ.

"ನಾಲ್ಕು ತಿಂಗಳ ಡೇಟಾ ನೋಡಿದ್ದೇವೆ," ಎಂದ ಸಂಪ್ರೀತ್. "ಬಸ್ಸು ಆ ರಸ್ತೆಗೆ ಒಂದು ಸಲವೂ ಹೋಗಿಲ್ಲ. ಹೋಗದ್ದಕ್ಕೆ ಒಂದು ದೂರೂ ಬಂದಿಲ್ಲ. ಅಂದ್ರೆ ಎಂತ? ಜನರಿಗೆ ಆ ರಸ್ತೆ ಬೇಡ. ಇದನ್ನು ಕಂಡುಹಿಡಿದು ಧೈರ್ಯದಿಂದ ಸೀದಾ ಹೋದವರು ನಮ್ಮ ಮೂಸಾಕ."

ಶಾಲು ಹೊದ್ದ ಮೂಸಾಕನ ಕೈಯಲ್ಲಿದ್ದ ಹಣ್ಣಿನ ಬುಟ್ಟಿ ಜಾರಿ ಒಂದು ಮೂಸಂಬಿ ವೇದಿಕೆಯ ಮೇಲೆ ಉರುಳಿಕೊಂಡು ಹೋಗಿ ಮುಖ್ಯ ಅತಿಥಿಯ ಕಾಲ ಬಳಿ ನಿಂತಿತು. ಚೆನ್ನುವನ್ನು ಉಳಿಸಲಿಕ್ಕೆಂದು ಮಾಡಿದ ಉಪಾಯವೇ ಚೆನ್ನುವನ್ನು ಲೆಕ್ಕದಿಂದ ಅಳಿಸಿ ಹಾಕಿತ್ತು. ಅಳಿಸಿದವನು ತಾನೇ ಎಂದು ಅವನಿಗೆ ಅಲ್ಲಿಯೇ ಗೊತ್ತಾಯಿತು. ಅಷ್ಟು ನಾಚಿಕೆ ಅವನಿಗೆ ಜೀವಮಾನದಲ್ಲಿ ಆಗಿರಲಿಲ್ಲ.

ಸಮಾರಂಭ ಮುಗಿದದ್ದೇ ತಡ, ಅವನು ತಂದೆ ಮಗ ಇಬ್ಬರನ್ನೂ ಅಡುಗೆಯವರು ಓಡಾಡುವ ಹಿಂದಿನ ವರಾಂಡಕ್ಕೆ ಕರೆದು ಎಲ್ಲ ಒಪ್ಪಿಕೊಂಡ. ಮೊಬೈಲನ್ನು ಶಾಫಿಗೆ ಕೊಟ್ಟದ್ದು, ಬಸ್ಸು ದಿನಾ ಕುಂಟಾಲಮೂಲೆಗೆ ಹೋದದ್ದು, ಚೆನ್ನು ವಾರಕ್ಕೆ ಮೂರು ದಿನ ಹತ್ತಿದ್ದು. "ನನ್ನನ್ನು ತೆಗೆದು ಹಾಕಿ ಧಣಿ. ಆ ರಸ್ತೆ ತೆಗಿಬೇಡಿ," ಎಂದು ಕೈ ಮುಗಿದ.

ಸಂಪ್ರೀತ್ ನಂಬಲಿಲ್ಲ. "ನಿಮ್ಮದು ದೊಡ್ಡ ಮನಸ್ಸು ಮೂಸಾಕ. ಆ ಹೆಂಗಸಿನ ಮೇಲೆ ಕರುಣೆಯಿಂದ ಹೇಳ್ತಿದ್ದೀರಿ. ಆದ್ರೆ ಡೇಟಾದಲ್ಲಿ ಹಾಗೆ ಇಲ್ಲ."

"ಟಿಕೆಟ್ ಉಂಟಲ್ಲ ಸಣ್ಣ ಧಣಿ, ಅವಳು ಟಿಕೆಟ್ ತೆಗೊಂಡಿದ್ದಾಳೆ!"

"ಟಿಕೆಟಿನಲ್ಲಿ ಕೊಯಿಲ ಅಂತ ಉಂಟು. ಕುಂಟಾಲಮೂಲೆ ಅಂತ ಸ್ಟೇಜೇ ಇಲ್ಲ."

ತ್ಯಾಂಪಣ್ಣ ನಂಬಿದರು. ನಂಬಿದ್ದೇ ತೊಂದರೆಯಾಯಿತು. ಮೂವತ್ತು ವರ್ಷದಿಂದ ತಮ್ಮ ಬಸ್ಸು ಯಾವ ಗೇಟಿನಲ್ಲಿ ಯಾರಿಗೆ ಕಾಯುತ್ತದೆಂದು ಅವರಿಗೆ ಬಾಯಿಪಾಠ. ಅವರು ಮೂಸಾಕನ ಹೆಗಲ ಮೇಲೆ ಕೈ ಹಾಕಿ, ಶಾಲು ಸರಿ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದರು: "ನನಗೆ ಗೊತ್ತುಂಟು ಮೂಸಾ. ನಾಲ್ಕು ಕಿಲೋಮೀಟರಿನ ಡೀಸೆಲ್ ಉಳಿತದೆ. ಪೇಪರಿಗೆ ಫೋಟೋ ಸಹ ಕೊಟ್ಟಾಯ್ತು. ಇನ್ನು ಎಂತಕ್ಕೆ ಅದೆಲ್ಲ?"

"ಪರ್ಮಿಟ್‌ನಲ್ಲಿ ಒಳರಸ್ತೆ ಉಂಟಲ್ಲ ಧಣಿ?"

"ಪರ್ಮಿಟ್‌ನಲ್ಲಿ ಸುಮಾರು ಉಂಟು ಮಾರಾಯ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಸಹ ಉಂಟು."

ಬಸ್ಸಿನ ಆ ಪೆಟ್ಟಿಗೆಯೊಳಗೆ ಕುಶಾಲಪ್ಪನ ನಶ್ಯದ ಡಬ್ಬಿ ಮಾತ್ರ ಇದ್ದದ್ದು ಇಬ್ಬರಿಗೂ ಗೊತ್ತಿತ್ತು.

ಮನೆಗೆ ಬಂದ ಮೂಸಾಕ ಫಲಕವನ್ನು ಅಕ್ಕಿಯ ಡ್ರಮ್ಮಿನ ಹಿಂದೆ ಇಟ್ಟು ದಾರಂದಕ್ಕೆ ಒರಗಿ ನಿಂತ. ಚೆನ್ನುವಿಗೆ ಏನು ಹೇಳುವುದು? ವಾರಕ್ಕೆ ಮೂರು ಸಲ ಆಟೋ ಮಾಡುವುದೆಂದರೆ ಪ್ರೀತಿಕಾ ಫ್ಯಾಕ್ಟರಿಗೆ ಹೋಗುವುದೇ ದಂಡ. ಬೇರೆ ಏನೂ ತೋಚಲಿಲ್ಲ. ಜೈನಬಮ್ಮ ಮಾತ್ರ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ 'ಬಸ್ಸುಂಟು' ತೆರೆದು ಏನೋ ಒತ್ತುತ್ತಿದ್ದಳು. ಮಗನೊಂದಿಗೆ ದಿನಾ ವಿಡಿಯೋ ಮಾತಾಡಿ ಅವಳಿಗೆ ಮೊಬೈಲಿನ ಮೂಲೆಮೂಲೆ ಗೊತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ಕೇಳಿದಳು.

"ಚೆನ್ನಕ್ಕ ಎಷ್ಟು ತೂಕ ಉಂಟು?"

"ಎಂತಕ್ಕೆ?"

"ಹೇಳಿ ನೋಡುವ."

ಮೂಸಾಕನಿಗೆ ಗೊತ್ತಿತ್ತು. ಡಯಾಲಿಸಿಸ್‌ಗೆ ಮೊದಲೊಮ್ಮೆ ಆಮೇಲೊಮ್ಮೆ ತೂಗಿ ಚೀಟಿ ಕೊಡುತ್ತಾರೆ. ಚೆನ್ನು ಅದನ್ನು ಬಸ್ಸಿನಲ್ಲಿ ಅವನಿಗೆ ಓದಲು ಕೊಡುತ್ತಿದ್ದಳು. "ಹೋಗುವಾಗ ನಲವತ್ಮೂರು. ಬರುವಾಗ ನಲವತ್ತೊಂದು."

"ನಲವತ್ತರ ಮೇಲೆ ಆಯ್ತಲ್ಲ. ಸಾಕು," ಎಂದಳು ಜೈನಬಮ್ಮ.

ಆ್ಯಪ್ ಕೇಳಿದ ಪ್ರಶ್ನೆಗಳನ್ನು ಅವಳು ಒಂದೊಂದಾಗಿ ಓದಿದಳು. ಸಾಮಾನಿನ ವಿಧ: ಅಡಿಕೆ, ಕಾಳುಮೆಣಸು, ತೆಂಗಿನಕಾಯಿ, ಇತರೆ. ಇತರೆ ಒತ್ತಿದಳು. ಒಡೆಯುವ ವಸ್ತುವೇ? ಮೂಸಾಕ ಸ್ವಲ್ಪ ಯೋಚಿಸಿ ಹೌದು ಎಂದ. ಮಳೆಗೆ ನೆನೆಯಬಾರದೇ? ಬಾರದು. ತಲುಪಬೇಕಾದ ಸಮಯ? ಒಂಬತ್ತಕ್ಕೆ ಮೊದಲು. ವಾಪಸು ಕಳಿಸಲಿಕ್ಕುಂಟೇ? ಉಂಟು, ಅದೇ ದಿನ. ತೂಕದ ಜಾಗದಲ್ಲಿ ಜೈನಬಮ್ಮ ಐವತ್ತು ಹಾಕಲು ಹೋದಾಗ ಮಾತ್ರ ಮೂಸಾಕ ಅವಳ ಕೈ ಹಿಡಿದ.

"ಬೇಡ. ಇದ್ದದ್ದನ್ನೇ ಹಾಕು. ಒಂದು ಸುಳ್ಳು ಹೇಳಿ ರಸ್ತೆಯನ್ನೇ ಕಳ್ಕೊಂಡಾಯ್ತು. ಇನ್ನು ಈ ಆ್ಯಪ್‌ಗೆ ಸುಳ್ಳು ಹೇಳಲಿಕ್ಕಿಲ್ಲ."

ಮರುದಿನವೇ ಅವನು ಚೆನ್ನುವಿಗೆ ವಿಷಯ ಹೇಳಿದ. ಪಾರ್ಸೆಲ್ ಆಗುವುದೆಂದರೆ ಅವಳಿಗೆ ಬೇಸರವಾದೀತು ಎಂದು ಮಾತನ್ನು ತಿರುಗಿಸಿ ಬಳಸಿ ಹೇಳಿದ. ಚೆನ್ನು ಪೂರ್ತಿ ಕೇಳಿ, "ನನ್ನನ್ನು ಗೋಣಿಯಲ್ಲಿ ಹಾಕುದಿಲ್ಲ ಅಲ್ವಾ?" ಎಂದಷ್ಟೇ ಕೇಳಿದಳು.

ಹೊಸ ತಿಂಗಳ ಮೊದಲ ಸೋಮವಾರ ಸೌಭಾಗ್ಯ ಕೊಯಿಲದಲ್ಲಿ ರಾಜಾರೋಷವಾಗಿ ಒಳರಸ್ತೆಗೆ ತಿರುಗಿತು. ಬಸ್ಸಿನ ಮೊಬೈಲು ಈ ಸಲ ಮೂಸಾಕನ ಚೀಲದಲ್ಲಿಯೇ ಇತ್ತು. ನೆಟ್‌ವರ್ಕ್ ಹೋಯಿತು, ಆದರೆ ಕೆಂಪು ಗುರುತು ಬೀಳಲಿಲ್ಲ; 'ಪಾರ್ಸೆಲ್ ತರಲು ಹೋಗಿದೆ' ಎಂದು ಆ್ಯಪ್ ತನ್ನಷ್ಟಕ್ಕೆ ಹಸಿರು ತೋರಿಸಿತು. ಮನುಷ್ಯರಿಗೆ ಮೂರು ನಿಮಿಷ ಕೊಡದ ಆ್ಯಪ್ ಸಾಮಾನಿಗೆ ಹತ್ತು ನಿಮಿಷ ಕೊಟ್ಟಿತ್ತು. ಕುಶಾಲಪ್ಪ ಇಂಜಿನ್ ಆಫ್ ಮಾಡಿದ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಚೆನ್ನು ನಡುವೆ ಎರಡು ಸಲ ನಿಂತು, ಸುಧಾರಿಸಿಕೊಂಡು ಇಳಿದಳು.

ಪುತ್ತೂರಿನಲ್ಲಿ ಅವಳು ಇಳಿದದ್ದೇ ಮೊಬೈಲು ಕೇಳಿತು: ಸಾಮಾನು ಸುಸ್ಥಿತಿಯಲ್ಲಿ ತಲುಪಿದೆಯೇ? ಮೂಸಾಕ ಅದನ್ನು ಗ್ರಾಹಕರ ಸ್ಥಾನದಲ್ಲಿದ್ದ ಸಾಮಾನಿಗೇ ಓದಿ ಹೇಳಿದ.

"ತಲುಪಿದೆ ಅಂತ ಒತ್ತು ಮೂಸಾಕ," ಎಂದಳು ಚೆನ್ನು. "ಸುಸ್ಥಿತಿಯದ್ದು ಅವರು ಕೇಳುದು ಬೇಡ."

ಗಾಜಿನ ಬಾಗಿಲಿನ ಒಳಗೆ ಸಂಪ್ರೀತನಿಗೆ ಸಂತೋಷವೋ ಸಂತೋಷ. ಕುಂಟಾಲಮೂಲೆಯಿಂದ ವಾರಕ್ಕೆ ಮೂರು ಪಾರ್ಸೆಲ್, ತಪ್ಪದೆ. ಯಾವ ತೋಟದವನೂ ಇಷ್ಟು ನಿಯತ್ತಿನಿಂದ ಬುಕ್ ಮಾಡಿರಲಿಲ್ಲ. "ಆ ಕಡೆ ಒಳ್ಳೆ ಮಾರ್ಕೆಟ್ ಉಂಟು ಪಪ್ಪಾ" ಎಂದು ಅವನು ತಂದೆಗೆ ಹೇಳಿದನಂತೆ. ತ್ಯಾಂಪಣ್ಣ ಆ ಪಾರ್ಸೆಲ್ ಯಾವುದೆಂದು ತಿಳಿದೂ ಸುಮ್ಮನೆ ವೀಳ್ಯ ಜಗಿದರಂತೆ.

ಹೀಗೆ ಎರಡು ತಿಂಗಳು ನಡೆಯಿತು. ಚೆನ್ನುವಿನ ಚೀಟಿಯಲ್ಲಿ ಅಂಕಿ ಮೆಲ್ಲಗೆ ಇಳಿಯುತ್ತಿತ್ತು. ಹೋಗುವಾಗ ನಲವತ್ತೆರಡೂವರೆ, ಆಮೇಲೆ ನಲವತ್ತೊಂದೂವರೆ. ಊಟ ಸೇರುವುದಿಲ್ಲ ಎನ್ನುತ್ತಿದ್ದಳು. ಜೈನಬಮ್ಮ ವಾರಕ್ಕೆ ಮೂರು ದಿನ ಅವಳಿಗೆಂದು ಉಪ್ಪು ಕಮ್ಮಿ ಹಾಕಿದ ಪತ್ತಿರಿ ಕಟ್ಟಿಕೊಟ್ಟಳು. ಅದರಲ್ಲಿ ಅರ್ಧ ಕುಶಾಲಪ್ಪನ ಹೊಟ್ಟೆ ಸೇರುತ್ತಿತ್ತು. ಮೂಸಾಕ ಪ್ರತಿ ಸಲವೂ ಚೀಟಿ ನೋಡಿ ನಿಜವಾದ ತೂಕವನ್ನೇ ಜೈನಬಮ್ಮನಿಗೆ ಹೇಳುತ್ತಿದ್ದ, ಅವಳು ಹಾಕುತ್ತಿದ್ದಳು. ನಲವತ್ತರ ಗೆರೆ ಹತ್ತಿರ ಬರುತ್ತಿದ್ದದ್ದನ್ನು ಇಬ್ಬರೂ ನೋಡುತ್ತಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ವಾಪಸು ಬರುವ ಬಸ್ಸಿನಲ್ಲಿ ಚೆನ್ನು ಚೀಟಿ ಕೊಟ್ಟಳು. ಬೆಳಿಗ್ಗೆಯ ತೂಕ ಮೂವತ್ತೊಂಬತ್ತೂವರೆ ಎಂದಿತ್ತು. ಮೂಸಾಕ ಅದನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಕಮ್ಮಿ ಆಯ್ತಾ?" ಎಂದು ಕೇಳಿದಳು ಚೆನ್ನು. ಅವಳಿಗೆ ಓದಲು ಬಾರದಿದ್ದರೂ ಮೂಸಾಕನ ಮುಖ ಓದಲು ಬರುತ್ತಿತ್ತು.

"ಅರ್ಧ ಕಿಲೋ."

"ನಲವತ್ತು ಹಾಕು."

"ಸುಳ್ಳು ಹಾಕುದಿಲ್ಲ ಚೆನ್ನಕ್ಕ. ನಾನು ಮಾತು ಕೊಟ್ಟಿದ್ದೇನೆ."

"ಯಾರಿಗೆ?"

ಅದು ಯಾರಿಗೆ ಎಂದು ಮೂಸಾಕನಿಗೂ ಸರಿಯಾಗಿ ತಿಳಿಯಲಿಲ್ಲ. ಚೆನ್ನು ಹೇಳಿದಳು, "ನಲವತ್ತು ಹಾಕು ಮಾರಾಯ. ಸುಳ್ಳು ಆಗ್ಲಿಕ್ಕಿಲ್ಲ. ನಾನು ನೋಡ್ಕೊಳ್ತೇನೆ."

ಆದಿತ್ಯವಾರ ಸಂಜೆ ಜೈನಬಮ್ಮ ನಲವತ್ತು ಹಾಕಿ ಬುಕ್ ಮಾಡಿದಳು. ಮೂಸಾಕ ಆ ಕಡೆ ತಿರುಗಿಯೂ ನೋಡಲಿಲ್ಲ.

ಸೋಮವಾರ ತಿರುವಿನಲ್ಲಿ ಕುಶಾಲಪ್ಪ ಹಾರ್ನ್ ಹೊಡೆದ. ಚೆನ್ನು ಮೆಟ್ಟಿಲು ಇಳಿಯತೊಡಗಿದಳು. ಎಂದಿಗಿಂತ ನಿಧಾನ, ಎಂದಿಗಿಂತ ಹೆಚ್ಚು ಸಲ ನಿಂತಳು. ಎಡಗೈಯಲ್ಲಿ ಒಂದು ಬಟ್ಟೆಯ ಚೀಲ ಜೋತಾಡುತ್ತಿತ್ತು. ಮೂಸಾಕ ಓಡಿ ಹೋಗಿ ಕೈ ಕೊಟ್ಟ, ಚೀಲ ಇಸಿದುಕೊಂಡ. ಒಳಗೆ ಸುಲಿದ ತೆಂಗಿನಕಾಯಿ ಇತ್ತು.

"ಇದು ಎಂತಕ್ಕೆ ಚೆನ್ನಕ್ಕ? ನಿಮಗೆ ಡಾಕ್ಟರು ಇದು ತಿನ್ಲಿಕ್ಕೆ ಸಹ ಬಿಡುದಿಲ್ಲ."

"ತೂಕಕ್ಕೆ," ಎಂದಳು ಚೆನ್ನು, ಉಸಿರು ಎಳೆದುಕೊಂಡು. "ಅರ್ಧ ಕಿಲೋಗಿಂತ ಜಾಸ್ತಿ ಉಂಟು. ಪ್ರೀತಿಕಾ ಅಂಗಡಿಯಲ್ಲಿ ತೂಗಿಸಿ ತಂದಿದ್ದಾಳೆ. ಇನ್ನು ಸುಳ್ಳಲ್ಲವಲ್ಲ?"

ಮೂಸಾಕ ಅವಳನ್ನು ಹತ್ತಿಸಿ ಬಾಗಿಲ ಹತ್ತಿರದ ಸೀಟಿನಲ್ಲಿ ಕೂರಿಸಿದ. ತೆಂಗಿನಕಾಯಿಯ ಚೀಲವನ್ನು ಅವಳು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ಎಂದಿನಂತೆ ಮೆಟ್ಟಿಲಿಗೆ ಹೋಗಲು ತಿರುಗಿದ. ಆದರೆ ಹೋಗದೆ ಅವಳ ಪಕ್ಕದ ಖಾಲಿ ಸೀಟಿನಲ್ಲಿ ಕೂತುಬಿಟ್ಟ.

ಮುಂದೆ ಕುಶಾಲಪ್ಪ ಗೇರಿನ ಮೇಲೆ ಕೈ ಇಟ್ಟು 'ರೈಟ್' ಕೇಳಲು ಕಾಯುತ್ತಿದ್ದ. ಮೂಸಾಕ ಕೂತಲ್ಲಿಂದಲೇ ಅದನ್ನು ಹೇಳಿದ.